ಮೂರು ತಾಸಿನ ಗುವಾಹಟಿ

ಹಗಲು ಹಚ್ಚುವವನೂ ನೀನೇ, ಹಗಲು ಆರಿಸುವವನೂ ನೀನೇ. ಮೂಡಣಕ್ಕೊಂದು ಹೊತ್ತು, ಪಡುವಣಕ್ಕೊಂದು ಹೊತ್ತು ಇಟ್ಟು ಆಟ ನೋಡುವ ಮಹಾದೇವಾ, ನಿನಗೆ ಶರಣು. ಜಾಣರನ್ನು ಮಾಡಿದವನು ನೀನು, ಪೆದ್ದರನ್ನು ಮಾಡಿದವನೂ ನೀನು. ಯಾಕೆ ಮಾಡಿದೆ ಅಂತ ಕೇಳುವಷ್ಟು ದೊಡ್ಡವರು ನಾವಲ್ಲ. ಈ ಕತೆ ಮುಗಿಯುವ ತನಕ ನನ್ನ ನಾಲಗೆಯ ಮೇಲೆ ಕೂತಿರು ತಂದೆ, ಕೇಳುವವರ ಕಿವಿಯಲ್ಲೂ ಕೂತಿರು.

ಗದಗಿನ ಸೀಮೆಯಲ್ಲಿ ಹಾಲಗೊಂಡಿ ಅಂತ ಒಂದೂರು. ಆ ಊರಲ್ಲಿ ಪಾರವ್ವ ಅಂತ ಒಬ್ಬ ತಾಯಿ. ಗಂಡ ಶಿವನ ಪಾದ ಸೇರಿದ್ದ. ಮಕ್ಕಳು ಇಬ್ಬರು. ಮಗಳು ಮಹಾನಂದಾ ಜಾಣೆ. ಮಗ ಕಲ್ಮೇಶಿ? ಶಿವ ಶಿವಾ! ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹಾಲು ಉಕ್ಕೋದನ್ನ ನೋಡೋ ಅಂದರೆ ಉಕ್ಕೋದನ್ನೇ ನೋಡುತ್ತಿದ್ದ. ಉಕ್ಕಿ, ಹರಿದು, ಒಲೆ ಆರಿದ ಮೇಲೆ, "ನೋಡಿದೆನವ್ವಾ, ಚಲೋ ಉಕ್ಕಿತು!" ಅನ್ನುತ್ತಿದ್ದ.

ಹೇಳಿದ್ದನ್ನು ಬಿಡುತ್ತಿರಲಿಲ್ಲ. ಹೇಳದ್ದನ್ನು ಮಾಡುತ್ತಿರಲಿಲ್ಲ. ಮಾಡಿದ್ದೊಂದೂ ನೆಟ್ಟಗಾಗುತ್ತಿರಲಿಲ್ಲ.

"ಎಂಥಾ ಮಗನ್ನ ಕೊಟ್ಟೆಪಾ ಮಾದೇವಾ!" ಅಂತ ಪಾರವ್ವ ದಿನಾ ಹಣೆ ಹಣೆ ಬಡಕೊಳ್ಳುತ್ತಿದ್ದಳು. ಮಹಾದೇವ ಸುಮ್ಮನಿರುತ್ತಿದ್ದ. ಅವನಿಗೆ ಗೊತ್ತು ಯಾಕೆ ಕೊಟ್ಟೆ ಅಂತ.

ಮಗಳು ಮಹಾನಂದಾಳನ್ನು ರೈಲ್ವೆಯಲ್ಲಿ ನೌಕರಿ ಮಾಡುವ ಶೇಖಪ್ಪನಿಗೆ ಕೊಟ್ಟಿದ್ದರು. ಅವನಿಗೆ ಗುವಾಹಟಿಗೆ ವರ್ಗವಾಯಿತು. ಹೆಂಡತಿಯನ್ನೂ ಕರೆದುಕೊಂಡು ಹೋದ, ತಾಯಿ ಬಾಳವ್ವನನ್ನೂ ಕರೆದುಕೊಂಡು ಹೋದ. ಅಲ್ಲಿ ಮಹಾನಂದಾ ಬಸುರಿಯಾದಳು. ಏಳು ತಿಂಗಳು ತುಂಬಿತು. ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು.

ಚೊಚ್ಚಲ ಬಸುರಿಗೆ ಕುಬಸ ಮಾಡುವುದು ತವರು. ಹಸಿರು ಸೀರೆ, ಖಣದ ಕುಪ್ಪಸ, ಹಸಿರು ಬಳೆ, ಉಡಿ ತುಂಬುವ ಕೊಬ್ಬರಿ ಉತ್ತತ್ತಿ, ಎಲ್ಲವೂ ತವರಿನಿಂದಲೇ ಬರಬೇಕು. ತವರಿನವರ ಕೈಯಿಂದಲೇ ಅವಳ ಹೆಗಲಿಗೆ ಹೊದಿಸಬೇಕು. ಅದೂ ದೀಪ ಹಚ್ಚುವುದರೊಳಗೆ. ತವರಿನದು ಆಗದೆ ಗಂಡನ ಮನೆಯವರ ಸೀರೆ ಮೊದಲು ಹೆಗಲೇರಿತು ಅಂದರೆ ಆ ಹೆಣ್ಣುಮಗಳಿಗೆ ತವರೇ ಇಲ್ಲ ಅಂದಂತೆ. ಆ ಮಾತು ಸಾಯುವ ತನಕ ಬೆನ್ನು ಬಿಡುವುದಿಲ್ಲ.

ಅತ್ತೆ ಬಾಳವ್ವ ಅದನ್ನೇ ಕಾಯುತ್ತಿದ್ದಳು. ಫೋನು ಮಾಡಿ ಅಂದಳು: "ಪಾರವ್ವಾ, ಅಲ್ಲಿಂದ ಇಲ್ಲಿಗೆ ಯಾರು ಬರ್ತೀರಿ ಬಿಡ್ರಿ! ನೀವು ಕಾಲು ಮುರಕೊಂಡು ಕುಂತೀರಿ. ನಿಮ್ಮ ಮಗ... ಇರಲಿ, ಅವನ ಮಾತು ಯಾಕ! ನಾನೊಂದು ಸೀರಿ ತಂದಿಟ್ಟೀನಿ, ನಾನ ಹೊದಸ್ತೀನಿ."

ಪಾರವ್ವನ ಕಾಲು ಮುರಿದಿದ್ದು ನಿಜ, ಹಿತ್ತಲಲ್ಲಿ ಜಾರಿ ಬಿದ್ದಿದ್ದಳು. ಸಿಟ್ಟು ಬಂದರೆ ಮಾತ್ರ ಎರಡೂ ಕಾಲ ಮೇಲೆ ನಿಲ್ಲುವ ಹೆಂಗಸು. "ನನ್ನ ಮಗ ಬರ್ತಾನ! ವಿಮಾನದಾಗ ಬರ್ತಾನ! ದೀಪ ಹಚ್ಚೂದ್ರೊಳಗ ಬರ್ತಾನ!" ಅಂದುಬಿಟ್ಟಳು. ಅಂದ ಮೇಲೆ ಮಗನ ಮುಖ ನೋಡಿದಳು. ನೋಡಿ ಹಣೆ ಬಡಕೊಂಡಳು.

ಆದರೂ ಕಳಿಸಲೇಬೇಕಲ್ಲ. "ಗದಗಿಗೆ ಹೋಗು, ಟಿಕೀಟು ತಗೋ, ಗುವಾಹಟಿ ಎಷ್ಟು ದೂರ ಅಂತ ಕೇಳಿಕೊಂಡು ಬಾ" ಅಂದಳು.

"ಆಗಲಿ, ಹಂಗ ಮಾಡ್ತೀನಿ" ಅಂದ ಕಲ್ಮೇಶಿ.

ಗದಗಿನಲ್ಲಿ ಟಿಕೀಟಿನ ಅಂಗಡಿಯವನು ಟಿಕೀಟು ಕೊಟ್ಟು ಹೇಳಿದ: "ಬೆಂಗಳೂರಿಂದ ಹಾರಿದರ ಗುವಾಹಟಿಗೆ ಎರಡು ಸಾವಿರ ಕಿಲೋಮೀಟರ್ ಮ್ಯಾಲ ಆಕ್ಕೈತಿ ನೋಡಪಾ. ಆದರ ವಿಮಾನ ಅಲ್ಲೇನು, ಮೂರೇ ತಾಸು!"

ಎರಡು ಸಾವಿರ ಕಲ್ಮೇಶಿಯ ತಲೆಯಲ್ಲಿ ಹಿಡಿಯಲಿಲ್ಲ. ಮೂರು ಹಿಡಿಯಿತು. 'ಮೂರೇ ತಾಸಾ! ಇಷ್ಟಕ್ಕ ಅವ್ವ ಹಂಗ ಬಡಕೋತಾಳಲ್ಲ. ಈಗ ಹೋಗಿ ಅಕ್ಕನ್ನ ಮಾತಾಡಿಸಿ ಊಟದ ಹೊತ್ತಿಗೆ ಬಂದುಬಿಡ್ತೀನಿ!' ಅಂದುಕೊಂಡ. ನಿಲ್ದಾಣದಲ್ಲಿ ಕಣ್ಣಿಗೆ ಬಿದ್ದ ಬಸ್ಸು ಹತ್ತಿದ. ಎಲ್ಲಿಗೆ ಹೋಗುವ ಬಸ್ಸು? ಅದು ಅವನಿಗೆ ಬೇಕಿಲ್ಲ. ಮೂರು ತಾಸು ಗಡಿಯಾರ ನೋಡಿದ. ಮೂರು ತಾಸು ಆಗುತ್ತಲೂ ಎದ್ದು ನಿಂತ.

"ಕಂಡಕ್ಟರಣ್ಣಾ, ನಿಂದ್ರಸು! ಗುವಾಹಟಿ ಬಂತು!"

"ಏನು ಬಂತು?"

"ಗುವಾಹಟಿ! ಮೂರು ತಾಸಾತು!"

"ಇದು ಜ್ವಾಳದ ಹೊಲಪಾ!"

"ಅಕ್ಕನ ಮನಿ ಹೊಲದಾಗ ಇರಬೇಕು ಬಿಡು!"

ಇಳಿದ. ಹೊಲದಲ್ಲಿ ಒಂದು ಗುಡಿಸಲು. ಗುಡಿಸಲಲ್ಲಿ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು. ಕಲ್ಮೇಶಿ ನೆಟ್ಟಗೆ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ಬಂದೆ! ಅಯ್ಯ, ಇಷ್ಟು ಲಗೂನ ಮುದುಕಿ ಆಗಿಬಿಟ್ಟೀಯಲ್ಲಬೇ!"

"ಯಾವಾಂವೋ ನೀ? ಯಾರು ಮುದುಕಿ?"

"ಕೂಸು ಎಲ್ಲೈತಿ ಅಕ್ಕಾ? ಏಳು ತಿಂಗಳ ಹೊಟ್ಟಿ ಕಾಣವಲ್ದು!"

ಮುದುಕಿ ಒಲೆಯೊಳಗಿನ ಕಟ್ಟಿಗೆ ಎಳೆದಳು. ಕಲ್ಮೇಶಿ ಓಡಿದ. ಉರಿಯುವ ಕಟ್ಟಿಗೆ ಹಿಂದೆ, ಕಲ್ಮೇಶಿ ಮುಂದೆ, ಜೋಳದ ಹೊಲದ ತುಂಬ ಓಟ. ಹೇಗೋ ಬಸ್ಸು ಹಿಡಿದು ಹಾಲಗೊಂಡಿ ಮುಟ್ಟಿದಾಗ ಅಂಗಿಯ ಬೆನ್ನಲ್ಲಿ ಒಂದು ತೂತು.

"ಮಬ್ಬಾ! ಮಬ್ಬರೊಳಗ ಮಬ್ಬಾ!" ಪಾರವ್ವ ಕುಳಿತಲ್ಲಿಂದಲೇ ಊರುಗೋಲು ಬೀಸಿದಳು. "ತಾಸು ಎಣಿಸಿದರ ಊರು ಬರ್ತೈತೇನೋ? ಬಸ್ಸಿನ ತಾಸು ಬ್ಯಾರೆ, ವಿಮಾನದ ತಾಸು ಬ್ಯಾರೆ! ಇನ್ನ ಮ್ಯಾಲ ನೀ ತಾಸು ನೋಡಬ್ಯಾಡ. ಬಾಜೂಕ ಕುಂತವರನ್ನ ನೋಡು. ಅವರು ಏನು ಮಾಡ್ತಾರ ಅದನ್ನ ಮಾಡು!"

"ಆಗಲಿ, ಹಂಗ ಮಾಡ್ತೀನಿ."

ಕುಬಸದ ಗಂಟು ಕಟ್ಟಿದರು. ಪಾರವ್ವ ಗಂಟನ್ನು ಕಣ್ಣಿಗೊತ್ತಿಕೊಂಡು, "ತಂದೆ, ಮಗನ್ನ ಮುಟ್ಟಸದಿದ್ದರೂ ಗಂಟು ಮುಟ್ಟಿಸು" ಅಂತ ಬೇಡಿಕೊಂಡಳು. ಎಂಥ ತಾಯಿ, ಎಂಥ ಬೇಡಿಕೆ ನೋಡಿ! ಅವಳನ್ನು ಬೈಯಬೇಡಿ. ಅಂಥ ಮಗ ನಿಮಗಿದ್ದರೆ ನೀವೂ ಅದನ್ನೇ ಬೇಡುತ್ತಿದ್ದಿರಿ. ಒಂದು ದಿನ ಮೊದಲೇ ಅವನನ್ನು ಬೆಂಗಳೂರಿನ ರೈಲಿಗೆ ಹತ್ತಿಸಿದರು.

ರೈಲಿನಲ್ಲಿ ಬಾಜೂಕೆ ಒಬ್ಬ ದಪ್ಪ ಹೊಟ್ಟೆಯ ಗೃಹಸ್ಥ. ಅವನು ಆಕಳಿಸಿದ, ಕಲ್ಮೇಶಿ ಆಕಳಿಸಿದ. ಅವನು ಚಹಾ ಕುಡಿದ, ಕಲ್ಮೇಶಿ ಚಹಾ ಕುಡಿದ. ಅವನು ಕಿವಿ ತುರಿಸಿಕೊಂಡ, ಕಲ್ಮೇಶಿ ಕಿವಿ ತುರಿಸಿಕೊಂಡ. ದಾವಣಗೆರೆ ಬಂತು. ಅವನು ಇಳಿದ. ಕಲ್ಮೇಶಿಯೂ ಇಳಿದ.

ಅವನು ಮನೆಗೆ ಹೋದ, ಇವನೂ ಹೋದ. ಅವನು ಕಾಲು ತೊಳೆದ, ಇವನೂ ತೊಳೆದ. ಅವನ ಹೆಂಡತಿ ಯಾರೋ ಗೆಳೆಯ ಇರಬೇಕೆಂದು ಎರಡು ತಾಟು ಹಾಕಿದಳು. ಹೆಂಡತಿ ತಾಟು ಹಾಕಿದ್ದು ನೋಡಿ, ಅವಳ ಕಡೆಯ ನೆಂಟ ಇರಬೇಕೆಂದು ಅವನೂ ಊಟಕ್ಕೆ ಕೂತ. ಊಟವಾಯಿತು. ಅವನು ಅಂಗಿ ಬಿಚ್ಚಿ ಮಂಚದ ಮೇಲೆ ಉರುಳಿದ. ಕಲ್ಮೇಶಿಯೂ ಅಂಗಿ ಬಿಚ್ಚಿ ಅವನ ಬಾಜೂಕೆ ಉರುಳಿದ!

"ಅಯ್ಯೋ! ಯಾರ್ರೀ ಇವನು?"

"ನಿನ್ನ ಅಣ್ಣ ಅಲ್ವೇನೇ?"

"ನನ್ನ ಅಣ್ಣನ ಮುಖ ಹಿಂಗೈತೇನ್ರೀ!"

ಗೃಹಸ್ಥ ಕಲ್ಮೇಶಿಯ ಕಿವಿ ಹಿಂಡಿ ಎಬ್ಬಿಸಿದ. ಸಂಗತಿ ತಿಳಿದ ಮೇಲೆ ತಲೆ ತಲೆ ಚಚ್ಚಿಕೊಂಡ. "ದನ! ದನವೂ ತನ್ನ ಕೊಟ್ಟಿಗೆ ಬಿಟ್ಟು ಇನ್ನೊಬ್ಬರ ಮನೆಗೆ ಹೋಗಲ್ಲ! ಯಾರ ಹಿಂದೂ ಹೋಗಬೇಡ. ಕೂರಿಸಿದ ಜಾಗದಲ್ಲಿ ಕೂತಿರು. ನಿನ್ನ ಹೆಸರು ಹಿಡಿದು ಕರೆಯೋ ತನಕ ಕುಂಡಿ ಎತ್ತಬೇಡ!"

"ಆಗಲಿ, ಹಂಗ ಮಾಡ್ತೀನಿ."

ಸಿಟ್ಟಿದ್ದರೂ ಆ ಮನುಷ್ಯನಲ್ಲಿ ಧರ್ಮವಿತ್ತು. ತಾನೇ ಬಸ್ಸು ಹತ್ತಿಸಿ, ವಿಮಾನ ನಿಲ್ದಾಣಕ್ಕೆ ಮುಟ್ಟಿಸಿರೆಂದು ಕಂಡಕ್ಟರನಿಗೆ ಕೈಮುಗಿದು ಹೇಳಿ ಕಳಿಸಿದ. ದೇವರು ಅವನ ಮನೆ ತಂಪಾಗಿಡಲಿ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಬ್ಬರು ಟಿಕೀಟು ನೋಡಿ, ಇನ್ನೊಬ್ಬರು ಗಂಟು ನೋಡಿ, ಕೊನೆಗೆ ಕಲ್ಮೇಶಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. "ಇಲ್ಲೇ ಕೂತಿರಿ, ಈ ಬಾಗಿಲಿಂದಲೇ ಹೋಗೋದು" ಅಂದರು. ಕಲ್ಮೇಶಿ ಕೂತ.

"ಗುವಾಹಟಿಗೆ ಹೋಗುವ ಪ್ರಯಾಣಿಕರು ಬನ್ನಿ" ಅಂತ ಮೇಲಿನ ಯಂತ್ರದಿಂದ ಕೂಗು ಬಂತು. ಕಲ್ಮೇಶಿ ಕೂತೇ ಇದ್ದ. ತನ್ನ ಹೆಸರು ಪ್ರಯಾಣಿಕ ಅಲ್ಲವಲ್ಲ! ಜನ ಎದ್ದರು, ಸಾಲು ನಿಂತರು, ಒಳಗೆ ಹೋದರು. ಕಲ್ಮೇಶಿ ಕೂತೇ ಇದ್ದ. ಬಾಗಿಲಲ್ಲಿದ್ದ ಹುಡುಗಿ ಇವನ ಮುಂದೆಯೇ ನಿಂತು, "ಗುವಾಹಟಿ? ಗುವಾಹಟಿ ಯಾರಾದ್ರೂ ಇದ್ದೀರಾ?" ಅಂತ ಕೂಗಿದಳು. ಕಲ್ಮೇಶಿ ಅವಳ ಮುಖ ನೋಡಿ ಹಲ್ಲು ಬಿಟ್ಟ. ಕೂತೇ ಇದ್ದ.

ಬಾಗಿಲು ಮುಚ್ಚುವ ಹೊತ್ತು ಬಂತು. ಅತ್ತ ಗುವಾಹಟಿಯಲ್ಲಿ ಅಕ್ಕ ಅರಿಶಿನ ಹಚ್ಚಿಕೊಂಡು ಬಾಗಿಲು ನೋಡುತ್ತಿದ್ದಳು. ಇತ್ತ ಇವನು ಹಲ್ಲು ಬಿಡುತ್ತಿದ್ದ. ಆಗ ಶಿವನೇ ಆ ಯಂತ್ರದ ಬಾಯಲ್ಲಿ ನುಡಿದನೋ ಏನೋ: "ಕಲ್ಮೇಶ ಹಾಲಗೊಂಡಿ! ಕಲ್ಮೇಶ ಹಾಲಗೊಂಡಿ! ಇದು ಕೊನೆಯ ಕರೆ!"

"ಇಲ್ಲೇ ಅದೀನ್ರೀ!" ಅಂತ ಕಲ್ಮೇಶಿ ಇಡೀ ನಿಲ್ದಾಣ ಕೇಳುವಂತೆ ಒದರಿದ. "ಆಗಿಂದ ಇಲ್ಲೇ ಅದೀನಿ! ಹೆಸರು ಹೇಳಾಕ ಇಷ್ಟೊತ್ತು ಬೇಕೇನ್ರೀ?"

ಹುಡುಗಿ ಕೆಂಡವಾದಳು. "ವಿಮಾನ ಅಂದ್ರೆ ನಿಮ್ಮೂರ ಎತ್ತಿನ ಗಾಡಿನಾ? ನಿಮಗೋಸ್ಕರ ನಿಲ್ಲುತ್ತಾ? ಇಲ್ಲಿ ಒಂದು ಮಾತು ಹೇಳಿದರೆ ಹೇಳಿದ ತಕ್ಷಣ ಮಾಡಬೇಕು. ಯಾಕೆ ಏನು ಅಂತ ಯೋಚನೆ ಮಾಡಬಾರದು!"

"ಆಗಲಿ, ಹಂಗ ಮಾಡ್ತೀನಿ" ಅಂದ. ಯೋಚನೆ ಮಾಡಬೇಡ ಅಂದದ್ದು ಅವನಿಗೆ ಬಹಳ ಹಗುರಾಯಿತು.

ವಿಮಾನದೊಳಗೆ ಕನ್ನಡ ಬಲ್ಲ ಇನ್ನೊಬ್ಬ ಹುಡುಗಿ. "ಗಂಟನ್ನ ಸೀಟಿನ ಕೆಳಗೆ ಇಡಿ" ಅಂದಳು. ತಕ್ಷಣ ಇಟ್ಟ. "ಪಟ್ಟಿ ಕಟ್ಟಿಕೊಳ್ಳಿ" ಅಂದಳು. ತಕ್ಷಣ ಕಟ್ಟಿಕೊಂಡ. ಆಮೇಲೆ ಅವಳು ನಡುವಿನ ದಾರಿಯಲ್ಲಿ ನಿಂತು, ನೀರಲ್ಲಿ ಇಳಿಯುವ ಹೊತ್ತು ಬಂದರೆ ತೇಲುವ ಅಂಗಿಯನ್ನು ಹೇಗೆ ಹಾಕಿಕೊಳ್ಳಬೇಕು ಅಂತ ಎಲ್ಲರಿಗೂ ತೋರಿಸಿದಳು. ಸೀಟಿನ ಕೆಳಗಿಂದ ತೆಗೆಯಬೇಕು, ತಲೆಗೆ ತೂರಿಸಬೇಕು, ದಾರ ಎಳೆಯಬೇಕು.

ಕಲ್ಮೇಶಿ ತಕ್ಷಣ ತೆಗೆದ. ತಕ್ಷಣ ತೂರಿಸಿದ. ತಕ್ಷಣ ಎಳೆದ.

ಬುಸ್!

ಹಳದಿ ಅಂಗಿ ಉಬ್ಬಿತು. ಉಬ್ಬಿ ಉಬ್ಬಿ ಕಲ್ಮೇಶಿಯ ಗದ್ದ ಮೇಲಕ್ಕೆದ್ದು ಕಣ್ಣು ಛಾವಣಿ ನೋಡಿದವು. ಪಕ್ಕದಲ್ಲಿ ಮೈಸೂರಿನ ಯಜಮಾನರೊಬ್ಬರು ಕೂತಿದ್ದರು. ಅವರ ಕನ್ನಡಕ ಹಾರಿಹೋಯಿತು.

"ಏನ್ರೀ ಮಾಡಿದ್ರಿ?" ಹುಡುಗಿ ಓಡಿ ಬಂದಳು. "ಎಲ್ಲಿದೆ ನೀರು? ತೋರಿಸಿ, ಎಲ್ಲಿದೆ? ಸೀಟಿನ ಕೆಳಗಿರೋದು ವಿಮಾನದ್ದು! ಅದಕ್ಕೆ ಕೈ ಹಾಕಬಾರದು! ಇಳಿಯುವಾಗಲೂ ಹಾಕಬಾರದು! ಗೊತ್ತಾಯ್ತಾ?"

"ಆಗಲಿ ತಾಯಿ, ಹಂಗ ಮಾಡ್ತೀನಿ."

ವಿಮಾನ ಏರಿತು. ಕಿಟಕಿಯಲ್ಲಿ ಬಿಳಿ ಮೋಡ. ಬಹಳ ಹೊತ್ತು ನೋಡಿದ ಕಲ್ಮೇಶಿ ಮೈಸೂರಿನ ಯಜಮಾನರ ಮೊಣಕೈ ತಿವಿದ.

"ಯಜಮಾನ್ರ, ಇದು ಯಾಕ ನಿಂತೈತ್ರಿ?"

"ಎಲ್ಲಿ ನಿಂತಿದೆ? ಗಂಟೆಗೆ ಏಳ್ನೂರು ಎಂಟ್ನೂರು ಕಿಲೋಮೀಟರ್ ಓಡ್ತಾ ಇದೆ!"

"ಗಿಡ ಹಿಂದ ಹೋಗವಲ್ವು, ಕಂಬ ಹಿಂದ ಹೋಗವಲ್ವು. ನಮ್ಮೂರ ಬಸ್ಸು ಇದಕ್ಕಿಂತ ಜೋರು ಬಿಡ್ರಿ!"

ಯಜಮಾನರು ಕನ್ನಡಕ ಒರೆಸಿಕೊಂಡು ಆ ಕಡೆ ತಿರುಗಿದರು. ಗುವಾಹಟಿ ಬರುವ ತನಕ ಈ ಕಡೆ ತಿರುಗಲಿಲ್ಲ. ಜಾಣರು.

ಗುವಾಹಟಿ ಬಂತು. ಹೊರಗೆ ಭಾವ ಶೇಖಪ್ಪ ಕಾಯುತ್ತಿದ್ದ. ಕಲ್ಮೇಶಿ ಕೈಬೀಸಿಕೊಂಡು ಬಂದ. ಬರಿಗೈ ಬೀಸಿಕೊಂಡು ಬಂದ!

"ಗಂಟು ಎಲ್ಲೋ?"

"ಸೀಟಿನ ಕೆಳಗ ಐತಿ ಮಾವಾ."

"ತರಲಿಲ್ಲ ಯಾಕ?"

"ಸೀಟಿನ ಕೆಳಗಿನದು ವಿಮಾನದ್ದಂತ. ಅದರದನ್ನ ಅದಕ್ಕ ಬಿಟ್ಟು ಬಂದೆ. ಮಂದಿ ಸಾಮಾನು ನಮಗ್ಯಾಕ?"

ಶೇಖಪ್ಪ ಬಾಗಿಲಿಗೆ ಓಡಿದ. ಅವರನ್ನು ಬೇಡಿದ, ಇವರನ್ನು ಬೇಡಿದ, ಕಂಡ ಕಂಡ ಸಮವಸ್ತ್ರಕ್ಕೆಲ್ಲ ಕೈಮುಗಿದ. ಕೊನೆಗೆ ಯಾರೋ ಪುಣ್ಯಾತ್ಮರು ಒಳಗೆ ಹೋಗಿ ಗಂಟು ತಂದುಕೊಟ್ಟರು. ಅಷ್ಟರಲ್ಲಿ ಸೂರ್ಯ ಗುಡ್ಡದ ಕಡೆ ವಾಲಿದ್ದ. ಮಾರ್ಗಶಿರದ ದಿನ, ಮೂಡಣದ ಸೀಮೆ. ಅಲ್ಲಿ ಹೊತ್ತು ನಮ್ಮಲ್ಲಿಗಿಂತ ಬಹಳ ಬೇಗ ಮುಳುಗುತ್ತದೆ.

"ಕತ್ತೇ!" ಶೇಖಪ್ಪ ಹಲ್ಲು ಕಡಿದ. "ಇದನ್ನ ಎದಿಗೆ ಅವಚಿಕೋ. ಇನ್ನ ಯಾರು ಕೇಳಿದರೂ ಕೊಡಬ್ಯಾಡ. ತಿಳೀತಿಲ್ಲೋ? ಯಾರು ಕೇಳಿದರೂ!"

"ಆಗಲಿ ಮಾವಾ, ಹಂಗ ಮಾಡ್ತೀನಿ."

ಮನೆ ಮುಟ್ಟಿದರು. ಇನ್ನೂ ತುಸು ಇಳಿಬಿಸಿಲಿತ್ತು. ಹಸಿರೆಲೆ ಕಟ್ಟಿದ ಕುರ್ಚಿಯಲ್ಲಿ ಮಹಾನಂದಾ ಕೂತಿದ್ದಳು. ಆ ಕಾಲೊನಿಯಲ್ಲಿದ್ದ ನಾಲ್ಕಾರು ಕನ್ನಡದ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ತಮ್ಮನನ್ನು ಕಂಡು ಅಕ್ಕನ ಮುಖ ಅರಳಿತು. ಅತ್ತೆ ಬಾಳವ್ವನ ಮುಖ ಮುದುಡಿತು.

"ಬಂದೇನಪಾ? ಕೊಡಿಲ್ಲಿ ಗಂಟು, ಬಿಚ್ಚೂಣು" ಅಂದಳು ಒಬ್ಬ ಹಿರಿಯಳು.

"ಕೊಡಂಗಿಲ್ಲ!"

"ಅಯ್ಯ, ಸೀರಿಗೆ ಅರಿಶಿಣ ಹಚ್ಚಬೇಕಲ್ಲೋ!"

"ಯಾರು ಕೇಳಿದರೂ ಕೊಡಂಗಿಲ್ಲ!"

"ತಮ್ಮಾ, ನಾನು ಕೇಳ್ತೀನೋ" ಅಂದಳು ಮಹಾನಂದಾ.

"ನೀನೂ ಯಾರೋ ಒಬ್ಬಾಕಿ ಆದೆಲ್ಲಕ್ಕಾ. ಕೊಡಂಗಿಲ್ಲ!"

ಶೇಖಪ್ಪ ಎಳೆದ. ಕಲ್ಮೇಶಿ ಅವಚಿದ. ಹೆಂಗಸರು ಎಳೆದರು. ಕಲ್ಮೇಶಿ ಗಂಟಿನ ಮೇಲೆ ಬೋರಲು ಬಿದ್ದ. ಅವನು ಬಿದ್ದಲ್ಲೇ ಬಿದ್ದಿದ್ದ, ಸೂರ್ಯ ಕೂಡ ಅಷ್ಟೊತ್ತಿಗೆ ಬಿದ್ದ. ಬೀದಿಯಲ್ಲಿ ದೀಪ ಹತ್ತಿದವು.

ಬಾಳವ್ವ ನಕ್ಕಳು. ಆ ನಗೆಗೆ ಹಾಲು ಒಡೆಯಬೇಕು. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು, ಪಟಪಟನೆ ಕೋಣೆಯ ದೀಪಗಳನ್ನೂ ಹಾಕಿದಳು.

"ಮುಗೀತು! ಎರಡು ಸಾವಿರ ಕಿಲೋಮೀಟರ್ ಬಂದು ಎರಡು ಮಾರು ಉಳೀತು! ಏಳಬೇ ಮಹಾನಂದಾ, ಕೈಕಾಲು ತೊಳಕೊಂಡು ಬಾ. ನನ್ನ ಸೀರಿ ಹೊದಸ್ತೀನಿ. ತವರು ಇಲ್ಲದವರಿಗೆ ಅತ್ತೀನ ತವರು!"

ಮಹಾನಂದಾ ಕಣ್ಣೊರೆಸಿಕೊಂಡು ಎದ್ದಳು. ಮೊಣಕಾಲು ನೋವಿನ ಬಾಳವ್ವ "ಉಸ್ಸಪ್ಪಾ" ಅಂತ ಅದೇ ಕುರ್ಚಿಯಲ್ಲಿ ಕುಸಿದು ಕೂತಳು. ಮಹಾನಂದಾ ಊರಿಗೆ ಫೋನು ಹಚ್ಚಿದಳು.

"ಅವ್ವಾ... ತಮ್ಮ ಬಂದಾನ. ಆದರ ದೀಪ ಹಚ್ಚಿದ್ರಬೇ. ಹೊತ್ತು ಮೀರಿತು."

"ದೀಪಾ? ಎಲ್ಲೀ ದೀಪಾ?" ಪಾರವ್ವನ ದನಿ ಕೋಣೆಯ ತುಂಬ ಕೇಳಿಸಿತು. "ನನ್ನ ಅಂಗಳದಾಗ ಇನ್ನೂ ಬಿಸಲೈತಿ! ಆಕಳ ಇನ್ನೂ ಮನಿಗೆ ಬಂದಿಲ್ಲ! ಸೂರ್ಯಪ್ಪ ಬೇವಿನ ಗಿಡದ ಮ್ಯಾಲ ಕುಂತು ನನ್ನ ನೋಡಾಕತ್ತಾನ! ಕುಬಸ ಯಾರದು? ತವರಿಂದು! ಅಂದ ಮ್ಯಾಲ ಹೊತ್ತೂ ತವರಿಂದ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಅದೂ ಖರೇನ" ಅಂದಳು ಒಬ್ಬಳು.

"ಅದ್ಹೆಂಗ ಖರೇ ಆಕ್ಕೈತಿ?" ಬಾಳವ್ವ ಕುರ್ಚಿಯಲ್ಲೇ ಗುಡುಗಿದಳು. "ಇಲ್ಲಿ ಹಚ್ಚಿದ ದೀಪ ದೀಪ ಅಲ್ಲೇನು? ಹೊತ್ತು ಹೋತು ಅಂದ್ರ ಹೋತು!"

ಅಲ್ಲಿ ಪಾರವ್ವನಿಗೆ ತಾಳ್ಮೆ ತಪ್ಪಿತು. ಅವಳಿಗೆ ಕಾಣುತ್ತಿದ್ದದ್ದು ಬೇವಿನ ಗಿಡ ಮಾತ್ರ, ಗುವಾಹಟಿಯ ಕುರ್ಚಿ ಕಾಣುತ್ತಿರಲಿಲ್ಲ. "ಕಲ್ಮೇಶೀ! ಅಲ್ಲೇ ಅದೀ ಏನೋ? ಯಾರ ಕೈಯಾಗೂ ಕೊಡಬ್ಯಾಡ! ನೀನ ಗಂಟು ಬಿಚ್ಚು! ಕುರ್ಚಿಮ್ಯಾಲ ಕುಂತಾಕಿ ಹೆಗಲಿಗೆ ಹೊದಸು! ಈಗಿಂದೀಗ!"

ಅವ್ವನ ಮಾತು. ಯೋಚನೆ ಮಾಡಬಾರದು, ಹೇಳಿದ ತಕ್ಷಣ ಮಾಡಬೇಕು!

ಕಲ್ಮೇಶಿ ಚಂಗನೆ ಎದ್ದ. ಗಂಟು ಹರಿದ. ಹಸಿರು ಸೀರೆ ಝಾಡಿಸಿ ಬಾಳವ್ವನ ಹೆಗಲಿಗೆ ಹೊದಿಸಿದ. ಖಣ ತಲೆಯ ಮೇಲಿಟ್ಟ. ಕೊಬ್ಬರಿ ಉತ್ತತ್ತಿ ಉಡಿಗೆ ಸುರಿದ.

ಹೆಂಗಸರಿಗೆ ರೂಢಿ ನೋಡಿ. ಹಸಿರು ಸೀರೆ ಹೆಗಲೇರಿತೋ ಇಲ್ಲವೋ ಬಾಯಿಗೆ ತಾನಾಗಿ ಹಾಡು ಬಂತು. ಚೊಚ್ಚಲ ಬಸುರಿಯ ಬಯಕೆ ಏನು, ಹುಳಿ ಮಾವು ಬೇಕೇನು, ಹುಣಸೆ ಚಿಗುರು ಬೇಕೇನು ಅಂತ ಬಾಳವ್ವನ ಬೋಳು ದವಡೆಗೆ ಆರತಿ ಎತ್ತೇಬಿಟ್ಟರು!

"ಏ ಹಡಬಿಟ್ಟಿ! ನನಗೇನು ತಿಂಗಳ ತುಂಬ್ಯಾವೇನೋ?" ಬಾಳವ್ವ ಚೀರಿದಳು. "ನಿಲ್ಲಸ್ರೇ ಹಾಡಾ! ನಾಳೆ ಕಾಲೊನಿ ಮಂದಿ ಏನಂದಾರು!"

"ಆದರ ಯವ್ವಾ, ಹೊತ್ತು ಮೀರೈತೆಂದ್ರಿ" ಅಂದಳು ಹಿರಿಯಳು, ಸೆರಗು ಬಾಯಿಗೆ ಒತ್ತಿಕೊಂಡು. "ಇನ್ನ ಬ್ಯಾರೆಯವರಿಗೆ ಹೊದಿಸಾಕ ಬರಂಗಿಲ್ಲ. ಈ ಕುಬಸ ನಿಮ್ಮದ ಆತು."

"ಯಾರಂದ್ರು ಮೀರೈತಂತ? ಮೀರಿಲ್ಲ! ಆರಸ್ರೇ ಆ ದೀಪಾ! ಎಲ್ಲಾ ಆರಸ್ರಿ! ತವರಿನ ಹೊತ್ತು ಇನ್ನೂ ಐತಿ! ಬೇವಿನ ಗಿಡದ ಮ್ಯಾಲ ಐತಿ! ಮಹಾನಂದಾ, ಕುಂದ್ರಬೇ ಇಲ್ಲಿ! ಏ ಮಬ್ಬಾ, ತಗಿ ಇದನ್ನ ನನ್ನ ಮ್ಯಾಲಿಂದ, ನಿಮ್ಮಕ್ಕಗ ಹೊದಸು!"

ತಕ್ಷಣ ತೆಗೆದ. ತಕ್ಷಣ ಹೊದಿಸಿದ. ದೀಪ ಆರಿಸಿದ ಕೋಣೆಯಲ್ಲಿ, ಆರತಿಯ ಬೆಳಕಲ್ಲಿ, ಅಕ್ಕನ ಹೆಗಲ ಮೇಲೆ ತವರಿನ ಸೀರೆ ತಮ್ಮನ ಕೈಯಿಂದಲೇ ಬಿತ್ತು. ಮಹಾನಂದಾ ಅಳುತ್ತ ನಕ್ಕಳು, ನಗುತ್ತ ಅತ್ತಳು.

ಫೋನಿನಲ್ಲಿ ಪಾರವ್ವ ಕೂಗುತ್ತಲೇ ಇದ್ದಳು. "ಆತೇನೋ? ಕಲ್ಮೇಶೀ, ನೆಟ್ಟಗ ಹೊದಿಸಿದಿ ಏನೋ?"

"ನೆಟ್ಟಗ ಹೊದಿಸೀನವ್ವಾ! ಮೊದಲು ಬಾಳವ್ವಗ, ಆಮ್ಯಾಲ ಅಕ್ಕಗ. ಯಾರು ಮೊದಲು ಹಡೀತಾರ ನೋಡೂಣು!"

ಇದು ನಮ್ಮ ಕಲ್ಮೇಶಿಯ ಸಂಗತಿ. ಇಂಥವನ ಕೈಲೂ ತವರಿನ ಮಾನ ಉಳಿಸಿದ ಮಹಾದೇವ, ಕೇಳಿದ ನಿಮ್ಮ ಮಾನವನ್ನೂ ಉಳಿಸಲಿ. ನಿಮ್ಮ ಹೆಣ್ಣುಮಕ್ಕಳಿಗೆ ತವರು ತಪ್ಪದಿರಲಿ, ತವರಿಗೆ ಹೊತ್ತು ಮುಳುಗದಿರಲಿ. ದೂರ ಹೋದವರು ಸುಖವಾಗಿ ಇಳಿಯಲಿ, ಹತ್ತಿರ ಇದ್ದವರು ಸುಖವಾಗಿ ಉಣ್ಣಲಿ. ನಕ್ಕವರ ಹೊಟ್ಟೆ ತಂಪಾಗಿರಲಿ, ನಗದವರ ಹೊಟ್ಟೆಯೂ ತಂಪಾಗಿರಲಿ. ಎಲ್ಲರಿಗೂ ಶಿವನ ಕಣ್ಣಿನ ಬೆಳಕಿರಲಿ.